ರೊಟ್ಟಿ ಜೊತಿಗೆ ಏನೈತಿ? ಸಸ್ಯಾಹಾರಿ ಊಟ ಮತ್ತ ಎಲುಬಿನ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ಹೋದ ಶ್ರಾವಣದಾಗ ನಮ್ಮವ್ವ ಬಚ್ಚಲದಾಗ ಕಾಲು ಜಾರಿ ಕುಂತ್ಲು. ಜೋರಾಗಿ ಬಿದ್ದದ್ದೇನಲ್ಲ, ಬಲಗೈ ಊರಿ ಕುಂತದ್ದು ಅಷ್ಟ, ಅಷ್ಟಕ್ಕ ಮುಂಗೈ ಎಲುಬು ಮುರೀತು. ವಯಸ್ಸು 62. ಆಮ್ಯಾಲ ಡೆಕ್ಸಾ ಸ್ಕ್ಯಾನ್, ಅಂದ್ರ ಎಲುಬು ಎಷ್ಟು ಗಟ್ಟಿ ಐತಿ ಅಂತ ಅಳಿಯೋ ಎಕ್ಸ್-ರೇ, ಮಾಡಿಸಿದ್ರ ಅದರ ಅಂಕಿ, ಟಿ-ಸ್ಕೋರ್ ಅಂತಾರ, ಮೈನಸ್ 3.1 ಬಂತು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗ ಹೋದ್ರ ಆಸ್ಟಿಯೋಪೊರೋಸಿಸ್ ಅಂತಾರ, ಅಂದ್ರ ಎಲುಬು ಒಳಗಿಂದೊಳಗ ಟೊಳ್ಳಾಗಿರತೈತಿ, ಮುರಿಯೂತನ ಗೊತ್ತ ಆಗಂಗಿಲ್ಲ. ನಾವು ಬಾಗಲಕೋಟಿಯವರು, ಮನ್ಯಾಗ ತತ್ತಿನೂ ತರಂಗಿಲ್ಲ. ಅವತ್ತಿಂದ ನಾ ಇದನ್ನ ಓದಾಕ, ಡಾಕ್ಟರ್‌ಗೆ, ಡಯೆಟಿಷಿಯನ್‌ಗೆ ಬೆನ್ನುಹತ್ತಿ ಕೇಳಾಕ ಶುರು ಮಾಡ್ದೆ, ಈಗ ಓಣ್ಯಾಗಿನವರು, ವಿಜಯಪುರದ ಕಾಕುಗಳು, ಬೆಳಗಾವಿಯ ಅತ್ತಿಗಿ ಎಲ್ಲಾರೂ ಫೋನ್ ಹಚ್ಚಿ ನನಗ ಕೇಳತಾರ. ಅವರು ಕೇಳಿದ್ದನ್ನೆಲ್ಲ ಒಂದ್ ಕಡೆ ಬರದೀನಿ. ನಾ ಡಾಕ್ಟರ್ ಅಲ್ಲ, ಔಷಧದ ಮಾತು ಬಂದಲ್ಲಿ ನಿಮ್ಮ ಡಾಕ್ಟರ್‌ಗೆ ಕೇಳ್ರಿ.

ಜೋಳದ ರೊಟ್ಟಿ ಉಂಡು ಬೆಳದ ಮೈ ನಮ್ಮದು, ನಮಗೆಂಥಾ ಎಲುಬಿನ ತ್ರಾಸ?

ನಾನೂ ಹಂಗ ತಿಳಕೊಂಡಿದ್ದೆ. ಆದ್ರ ಖರೆ ಏನಂದ್ರ 100 ಗ್ರಾಂ ಜೋಳದಾಗ ಕ್ಯಾಲ್ಸಿಯಂ ಇರೋದು 25 ರಿಂದ 30 ಮಿಲಿಗ್ರಾಂ ಅಷ್ಟ. ಸಜ್ಜಿ, ಗೋದಿ ತಗೊಂಡ್ರೂ ಇದಕ್ಕಿಂತ ಭಾಳ ಹೆಚ್ಚೇನಿಲ್ಲ. ಜೋಳ ಕೆಟ್ಟದ್ದು ಅಂತ ಅಲ್ಲ ಮತ್ತ, ಪ್ರೊಟೀನ್ ಐತಿ, ನಾರು ಐತಿ, ಎಲುಬಿಗೆ ಬೇಕಾಗೋ ಮೆಗ್ನೀಸಿಯಂ ಐತಿ. ಎಲುಬು ಕಾಯೋದು ರೊಟ್ಟಿ ಒಂದ ಅಲ್ಲ, ರೊಟ್ಟಿ ಜೊತಿಗೆ ಬರೋದು. ಬಾದಾಮಿ ಬನಶಂಕರಿ ಗುಡಿ ಹತ್ರ ಬುಟ್ಟಿ ಹೊತ್ಕೊಂಡು ಬಂದು ಊಟ ಕೊಡೋ ಅವ್ವಾರನ್ನ ನೋಡೀರಲ್ಲ, ಕಡಕ ರೊಟ್ಟಿ, ಕಾಳು ಪಲ್ಲೆ, ಹಿಂಡಿ, ಹಸಿ ತಪ್ಪಲ, ಮಣ್ಣಿನ ಗಡಗಿಯೊಳಗಿನ ಗಟ್ಟಿ ಮೊಸರು, ಅದು ಪೂರ್ತಿ ಊಟ. ಮನ್ಯಾಗ ಆ ಗಂಗಾಳ ಸಣ್ಣದಾಗಾಕತ್ತೈತಿ. ಹೆಣ್ಣಮಕ್ಕಳದಂತೂ ಇನ್ನೂ ಸಣ್ಣದು, ಯಾಕಂದ್ರ ಎಲ್ಲಾರಿಗೂ ನೀಡಿ ಕಡೀಕ ಉಣ್ಣಾಕ ಕುಂದ್ರೂದ್ರಾಗ ಮೊಸರು ಮುಗದಿರತೈತಿ, ಪಲ್ಲೆ ತಳಕ್ಕ ಹೋಗಿರತೈತಿ. ನಮ್ಮವ್ವ ಮೂವತ್ತು ವರ್ಷ ರೊಟ್ಟಿ, ಶೇಂಗಾ ಹಿಂಡಿ, ಮ್ಯಾಲೊಂದಿಷ್ಟು ಎಣ್ಣಿ ಹಾಕ್ಕೊಂಡು ಉಂಡಾಕಿ. ನಾವ್ಯಾರೂ ಆಕಿ ತಾಟು ನೋಡ್ಲಿಲ್ಲ, ಅದು ನನಗ ಈಗೂ ಚುಚ್ಚತೈತಿ.

ದಿನಕ್ಕ ಎಷ್ಟು ಕ್ಯಾಲ್ಸಿಯಂ ಬೇಕು?

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತ ಹೈದ್ರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಎನ್‌ಐಎನ್ 2020 ರಾಗ ಹೇಳಿದ್ದು, ದೊಡ್ಡವರಿಗೆ ದಿನಕ್ಕ 1000 ಮಿಲಿಗ್ರಾಂ, ಮುಟ್ಟು ನಿಂತ ಹೆಣ್ಣಮಕ್ಕಳಿಗೆ ಮತ್ತ ಹಾಲುಣಿಸೋ ತಾಯಂದ್ರಿಗೆ 1200. ಮದ್ಲ ದೊಡ್ಡವರಿಗೆ 600 ಅಂತಿತ್ತು, ಹಳೇ ಚಾರ್ಟ್ ನೋಡ್ಕೊಂಡು ಸಾಕು ಅಂತ ಕುಂದ್ರಬ್ಯಾಡ್ರಿ.

ಮಾಂಸ ತತ್ತಿ ಇಲ್ಲದ ಅಷ್ಟು ಹೆಂಗ ಸಿಗತೈತಿ?

ಸಿಗತೈತಿ, ಮಾಂಸದ ತುಂಡಿನ್ಯಾಗ ಕ್ಯಾಲ್ಸಿಯಂ ಇರೋದ ಭಾಳ ಕಡಿಮಿ, ಹಂಗಾಗಿ ಈ ವಿಷಯದಾಗ ನಮಗೇನೂ ಕೊರತಿ ಇಲ್ಲ. ಅವ್ವನ ಹಳೇ ಊಟ ಲೆಕ್ಕ ಹಾಕಿದ್ವಿ, ಎರಡು ರೊಟ್ಟಿ, ಹಿಂಡಿ, ಒಂದ್ ಸ್ವಲ್ಪ ಅನ್ನ ಬ್ಯಾಳಿ ಸಾರು, ಬದ್ನಿಕಾಯಿ ಪಲ್ಲೆ, ಎರಡು ಸಲ ಚಹಾ, ಎಲ್ಲಾ ಕೂಡಿದ್ರೂ 300 ದಾಟಲಿಲ್ಲ. ಈಗಿನ ಲೆಕ್ಕ ಹಿಂಗೈತಿ ನೋಡ್ರಿ: ಮುಂಜಾನಿ ಒಂದ್ ಗ್ಲಾಸ್ ಹಾಲು, 200 ಎಂಎಲ್, ಅದರಾಗ 240 ಹತ್ರ ಬಂತು. ಮಧ್ಯಾಹ್ನ ಒಂದ್ ಬಟ್ಲ ಗಟ್ಟಿ ಮೊಸರು, 190. 30 ಗ್ರಾಂ ರಾಗಿ ಹಿಟ್ಟಿನ ಅಂಬಲಿ, 110. ಎಳ್ಳಿನ ಪುಡಿ ಎರಡು ಚಮಚ, ಅಂದ್ರ 15 ಗ್ರಾಂ, ಸಿಪ್ಪಿ ಸಮೇತ ಇದ್ರ 190. ಮೆಂತ್ಯ ಇಲ್ಲಾ ನುಗ್ಗಿ ತಪ್ಪಲ ಅರ್ಧ ಬಟ್ಲ, 150. ಹುರಳಿ ಕಾಳು ಒಂದ್ ಮುಷ್ಟಿ, 80. ಚಹಾದ ಹಾಲು 60. ಕೂಡಿಸಿದ್ರ 1020 ಆಗತೈತಿ. ಇದು ಕಾಗದದ ಮ್ಯಾಲಿನ ಲೆಕ್ಕ, ತಿಂದದ್ದೆಲ್ಲ ಮೈಗೆ ಹತ್ತಂಗಿಲ್ಲ, ಆದ್ರೂ 300 ಎಲ್ಲಿ 1000 ಎಲ್ಲಿ. ಹೊಸದಾಗಿ ಒಂದ್ ಪೈಸಾದ ವಿದೇಶಿ ಸಾಮಾನೂ ತಂದಿಲ್ಲ.

ಎಳ್ಳಿನ್ಯಾಗ ಹಾಲಿಗಿಂತ ಹತ್ತು ಪಟ್ಟು ಕ್ಯಾಲ್ಸಿಯಂ ಅಂತಾರ, ಖರೇನ?

100 ಗ್ರಾಂಗೆ 100 ಗ್ರಾಂ ಹಚ್ಚಿ ನೋಡಿದ್ರ ಖರೆ, ಸಿಪ್ಪಿ ಇರೋ ಎಳ್ಳಿನ್ಯಾಗ 1000 ಮಿಲಿಗ್ರಾಂ ಮ್ಯಾಲ ಐತಿ, ಹಾಲಿನ್ಯಾಗ 120. ಆದ್ರ ಹಾಲು ಗ್ಲಾಸ್‌ಗಟ್ಲೆ ಕುಡೀತೀವಿ, ಎಳ್ಳು ಚಮಚದಾಗ ತಿಂತೀವಿ. ಇನ್ನೊಂದು, ಎಳ್ಳಿನ ಕ್ಯಾಲ್ಸಿಯಂ ಬಾಳಷ್ಟು ಸಿಪ್ಪಿಯೊಳಗ ಇರತೈತಿ, ಅಂಗಡ್ಯಾಗ ಬೆಳ್ಳಗ ಫಳಫಳ ಹೊಳಿಯೋ ಸಿಪ್ಪಿ ತೆಗದ ಎಳ್ಳು ತಂದ್ರ ಅದು ಹೋಗಿಬಿಡತೈತಿ. ಸಿಪ್ಪಿಯೊಳಗ ಆಕ್ಸಲೇಟ್ ಅಂತಾನೂ ಇರತೈತಿ, ಅದು ಒಂದಿಷ್ಟು ಕ್ಯಾಲ್ಸಿಯಂ ಹಿಡದಿಟ್ಕೋತೈತಿ, ಹಂಗಾಗಿ ಎಳ್ಳೊಂದನ್ನ ನಂಬಿ ಹಾಲು ಮೊಸರು ಬಿಡೋದು ಸರಿ ಅಲ್ಲ. ಹುರದು ಪುಡಿ ಮಾಡಿ ತಿನ್ರಿ, ಇಡೀ ಎಳ್ಳು ಹಲ್ಲಿಗೆ ಸಿಗದ ಹಂಗ ಹೊಳ್ಳಿ ಹೋಗತೈತಿ.

ಎಳ್ಳಮವಾಸ್ಯಿಗೆ ಮಾಡೋ ಸಜ್ಜಿ ರೊಟ್ಟಿ ನೆನಪ ಮಾಡ್ಕೋರಿ. ರೊಟ್ಟಿ ಬಡದಾದ ಮ್ಯಾಲ ಅಂಗೈ ನೀರಾಗ ಎದ್ದಿ ಮ್ಯಾಲ ಸವರಿ, ಎಳ್ಳು ಉದುರಿಸಿ, ಮತ್ತ ಹಗೂರಕ ತಟ್ಟಿ ಹಂಚಿಗೆ ಹಾಕತಾರ, ಎಳ್ಳು ಚಟಪಟ ಅಂದು ಘಮ್ ಅಂತ ವಾಸನಿ ಬರತೈತಿ. ಹೊಲಕ್ಕ ಚರಗ ಚೆಲ್ಲಾಕ ಹೋಗೋ ದಿನ ಮಾತ್ರ ಯಾಕ? ನಾವು ಚಳಿಗಾಲ ಪೂರ್ತಿ ವಾರಕ್ಕ ಎರಡು ಸಲ ಮಾಡತೀವಿ. ಗುರೆಳ್ಳು ಹಿಂಡಿ, ಅಗಸಿ ಹಿಂಡಿನೂ ಚೊಲೋ, ಶೇಂಗಾ ಹಿಂಡಿನ್ಯಾಗ ಕ್ಯಾಲ್ಸಿಯಂ ಕಡಿಮಿ, ಪ್ರೊಟೀನ್‌ಗೆ ಅಂತ ತಿನ್ರಿ.

ಪಾಲಕ್ ದಿನಾ ತಿಂತೀನಿ, ಸಾಕಲ್ಲ?

ಸಾಲಂಗಿಲ್ಲ. ಪಾಲಕ್‌ನ್ಯಾಗ ಆಕ್ಸಲೇಟ್ ಜಾಸ್ತಿ, ಅದರ ಕ್ಯಾಲ್ಸಿಯಂ ನೂರಕ್ಕ 5 ರಷ್ಟು ಮೈಗೆ ಹತ್ತಿದ್ರ ಹೆಚ್ಚು, ಹಾಲಿಂದು 30 ರ ಹತ್ರ ಹತ್ತತೈತಿ. ಪುಂಡಿ ಪಲ್ಲೆ, ರಾಜಗಿರಿ ಪಲ್ಲೆದಾಗೂ ಆಕ್ಸಲೇಟ್ ಐತಿ, ತಿನ್ರಿ, ಕಬ್ಬಿಣ ಮತ್ತ ಬ್ಯಾರೆ ಸತ್ವ ಸಿಗತಾವ, ಆದ್ರ ಕ್ಯಾಲ್ಸಿಯಂಗೆ ಅಂತ ಅವನ್ನ ನೆಚ್ಚಬ್ಯಾಡ್ರಿ. ಅದಕ್ಕ ಮೆಂತ್ಯ, ನುಗ್ಗಿ ತಪ್ಪಲ, ಮೂಲಂಗಿ ತಪ್ಪಲ ಚೊಲೋ. ನುಗ್ಗಿ ತಪ್ಪಲದಾಗ 100 ಗ್ರಾಂಗೆ 300 ರ ಮ್ಯಾಲ ಐತಿ. ಮೂಲಂಗಿ ತಂದು ಗಡ್ಡಿ ಇಟ್ಕೊಂಡು ತಪ್ಪಲ ದನಕ್ಕ ಹಾಕೋದು ನೋಡಿದ್ರ ಹೊಟ್ಟಿ ಉರೀತೈತಿ, ರೊಟ್ಟಿ ಜೊತಿ ಹಸೀದ ತಿನ್ನೋ ಪದ್ಧತಿ ನಮ್ಮಲ್ಲೇ ಐತಲ್ಲ, ಚೊಲೋತಂಗ ತೊಳದು ತಿನ್ರಿ. ತಪ್ಪಲದಾಗ ವಿಟಮಿನ್ ಕೆ ಸೈತ ಐತಿ, ಅದೂ ಎಲುಬಿಗೆ ಬೇಕು, ಆದ್ರ ರಕ್ತ ತೆಳು ಮಾಡೋ ವಾರ್ಫರಿನ್ ತಗೊಳ್ಳೋರು ಇದ್ದಕ್ಕಿದ್ದಂಗ ಹೆಚ್ಚು ಮಾಡಬ್ಯಾಡ್ರಿ, ಡಾಕ್ಟರ್‌ಗೆ ಕೇಳ್ರಿ.

ರಾಗಿ ಮೈಸೂರು ಕಡೆಯವರದ್ದು, ನಮಗ ಒಗ್ಗತೈತೇನು?

ಮುದ್ದಿ ಒಗ್ಗಲಿಲ್ಲ ಅಂದ್ರ ಬ್ಯಾಡ. ಜೋಳದ ಹಿಟ್ಟಿನ್ಯಾಗ ಕಾಲು ಭಾಗ ರಾಗಿ ಹಿಟ್ಟು ಕೂಡಿಸಿ ರೊಟ್ಟಿ ಬಡದ್ರ ಏನೂ ಫರಕ್ ಆಗಂಗಿಲ್ಲ, ಅಂಚು ಒಂದಿಷ್ಟು ಬಿರೀತಾವ ಅಷ್ಟ, ಬಿಸಿನೀರಾಗ ಕಲಸ್ರಿ. ಮೊಳಕಿ ಕಟ್ಟಿ ಒಣಗಿಸಿ ಬೀಸಿದ ರಾಗಿ ಆದ್ರ ಇನ್ನೂ ಚೊಲೋ, ಯಾಕಂದ್ರ ಕಾಳಿನ್ಯಾಗ ಫೈಟೇಟ್ ಅಂತ ಕ್ಯಾಲ್ಸಿಯಂ, ಜಿಂಕ್ ಹಿಡದಿಡೋದು ಒಂದಿರತೈತಿ, ನೆನಸಿ ಮೊಳಕಿ ಕಟ್ಟಿದ್ರ, ಹುಳಿ ಬರಿಸಿದ್ರ ಅದು ಕಡಿಮಿ ಆಗತೈತಿ. ಮಡಕಿ ಕಾಳು, ಹೆಸರು, ಹುರಳಿನೂ ಅದಕ್ಕ ಮೊಳಕಿ ಕಟ್ಟೋದು.

ಹಾಲು ಕುಡದ್ರ ಹೊಟ್ಟಿ ಉಬ್ಬರಿಸತೈತಿ, ಮಜ್ಜಿಗಿ ಕುಡೀಲ್ಯಾ?

ಮೊಸರು ತಿನ್ರಿ, ಹಾಲು ಹೆಪ್ಪಾದಾಗ ಲ್ಯಾಕ್ಟೋಸ್, ಅಂದ್ರ ಹಾಲಿನ್ಯಾಗಿನ ಸಕ್ಕರಿ, ಕಡಿಮಿ ಆಗತೈತಿ, ಬಾಳ ಜನಕ್ಕ ಆಗಿಬರತೈತಿ. ಮಜ್ಜಿಗಿ ಅಂದ್ರ ಎಂಥಾ ಮಜ್ಜಿಗಿ ಅನ್ನೋದ ಮ್ಯಾಲ ಐತಿ. ಒಂದ್ ಚಮಚ ಮೊಸರಿಗೆ ಒಂದ್ ತಂಬಿಗಿ ನೀರು ಹಾಕಿದ ತಿಳಿ ಮಜ್ಜಿಗಿ ಬ್ಯಾಸಗ್ಯಾಗ ತಂಪಿಗೆ ಚೊಲೋ, ಎಲುಬಿಗೆ ಅದರಾಗ ಏನೂ ಇಲ್ಲ. ನುಚ್ಚು ಉಣ್ಣುವಾಗ ಗಟ್ಟಿ ಮಜ್ಜಿಗಿ ಹಾಕ್ಕೋರಿ. ಕೆನಿ ತೆಗದ್ರ ಕ್ಯಾಲ್ಸಿಯಂ ಹೋಗತೈತಿ ಅಂತ ಹೆದರಬ್ಯಾಡ್ರಿ, ಅದು ಹಾಲಿನ್ಯಾಗ ಉಳೀತೈತಿ. ಅದಕ್ಕ ತುಪ್ಪ ಬೆಣ್ಣಿದಾಗ ಕ್ಯಾಲ್ಸಿಯಂ ಇಲ್ಲ ಅನ್ನಬಹುದು, ತುಪ್ಪ ಉಂಡ್ರ ಕೀಲಿಗೆ ಎಣ್ಣಿ ಬಿಟ್ಟಂಗ ಅಂತ ನಮ್ಮ ಅತ್ತಿ ಈಗೂ ಅಂತಾರ, ರುಚಿಗೆ ಉಣ್ರಿ ಅಂತ ನಾ ಹೇಳತೀನಿ. ಹಾಲು ಮೊಸರು ಪೂರ್ತಿ ಬಿಟ್ಟೋರು ವಿಟಮಿನ್ ಬಿ12 ಗುಳಗಿ ತಗೊಳ್ಳಬೇಕಾಗತೈತಿ, ಬ್ಯಾಳಿ ಕಾಯಿಪಲ್ಲೆದಾಗ ಬಿ12 ಇರಂಗಿಲ್ಲ. ಹಾಲು ಕುಡಿಯೋ ಸಸ್ಯಾಹಾರಿಗಳಲ್ಲೂ ಅದು ಕಡಿಮಿ ಇರೋದು ಸಾಮಾನ್ಯ, ಒಮ್ಮೆ ಚೆಕ್ ಮಾಡಿಸ್ರಿ.

ವಿಜಯಪುರದ ಬಿಸಿಲಿನ್ಯಾಗ ಇರೋರಿಗೆ ವಿಟಮಿನ್ ಡಿ ಕಡಿಮಿ ಹೆಂಗಾಗತೈತಿ?

ಉಂಡ ಕ್ಯಾಲ್ಸಿಯಂ ಮೈಗೆ ಹತ್ತಾಕ ವಿಟಮಿನ್ ಡಿ ಬೇಕು, ಅದು ಬಿಸಿಲಿನಿಂದ ಆಗತೈತಿ. ಆದ್ರ ಬಿಸಿಲು ಊರಿಗೆ ಬೀಳತೈತಿ, ನಮ್ಮ ಮೈಗೆ ಬೀಳಂಗಿಲ್ಲ. ಮನಿ, ಆಫೀಸು, ಬಸ್ಸು, ತಲಿ ಮ್ಯಾಲ ಸೆರಗು, ಸ್ಕೂಟಿ ಮ್ಯಾಲ ಹೊಂಟ್ರ ಕೈಗೆ ಉದ್ದನ ಗ್ಲೌಸ್, ಮುಖಕ್ಕ ಸ್ಕಾರ್ಫ್. ಕಿಡಕಿ ಗಾಜಿನ ಹಿಂದ ಕುಂತ್ರೂ ಲೆಕ್ಕಕ್ಕ ಇಲ್ಲ, ವಿಟಮಿನ್ ಡಿ ಮಾಡೋ ಕಿರಣ ಗಾಜು ದಾಟಂಗಿಲ್ಲ. ಎಳೇ ಬಿಸಿಲು ಚೊಲೋ ಅಂತ ಆರೂವರಿಗೆ ವಾಕಿಂಗ್ ಹೋಗೋರಿಗೂ ಸಿಗೋದು ಭಾಳ ಕಡಿಮಿ. ಒಂದು ಸಾದಾ ಗುರುತು ಹೇಳತೀನಿ, ನಿಮ್ಮ ನೆರಳು ನಿಮಗಿಂತ ಗಿಡ್ಡ ಇರಬೇಕು, ಆವಾಗ ಬಿಸಿಲಿಗೆ ಕಸುವು ಇರತೈತಿ. ಮುಖ, ಮೊಣಕೈತನ ಕೈ, ಕಾಲು ತೆರದು 15 ರಿಂದ 30 ನಿಮಿಷ, ವಾರದಾಗ ನಾಕೈದು ದಿನ. ಏಪ್ರಿಲ್ ಮೇದಾಗ 40 ಡಿಗ್ರಿ ದಾಟಿದಾಗ ನಡುಮಧ್ಯಾಹ್ನ ಹೋಗಿ ತಲಿ ತಿರುಗಿ ಬೀಳಬ್ಯಾಡ್ರಿ, ಹತ್ತರ ಸುಮಾರಿಗೇ ನೆರಳು ಗಿಡ್ಡ ಆಗಿರತೈತಿ, ಅಷ್ಟೊತ್ತಿಗೆ ಮುಗಸ್ರಿ. ನಮ್ಮವ್ವ ಮಾಳಗಿ ಮ್ಯಾಲ ಸಂಡಗಿ, ಶಾವಗಿ ಒಣಹಾಕೋ ಕೆಲಸಾನ ಆ ವ್ಯಾಳ್ಯಾಕ್ಕ ಇಟ್ಕೊಂಡಾಳ. ಬೆಳಗಾವಿಯವರಿಗೆ ಮಳಿಗಾಲದಾಗ ತಿಂಗಳಗಟ್ಲೆ ಸೂರ್ಯನ ಮುಖ ಕಾಣಂಗಿಲ್ಲ, ಅವರು ಹೆಚ್ಚು ಕಾಳಜಿ ಮಾಡಬೇಕು.

ಊಟದಾಗ ಡಿ ಸಿಗೋದು ಕಡಿಮಿ. ಕೆಲವು ಹಾಲಿನ ಪಾಕೀಟು, ಎಣ್ಣಿ ಪಾಕೀಟಿನ ಮ್ಯಾಲ ಪ್ಲಸ್ ಎಫ್ ಅಂತ ಗುರುತು ಇರತೈತಿ, ಅದರಾಗ ವಿಟಮಿನ್ ಎ ಮತ್ತ ಡಿ ಕೂಡಿಸಿರತಾರ, ಅದನ್ನ ನೋಡಿ ತಗೋರಿ.

ವಿಟಮಿನ್ ಡಿದು 60,000 ಯೂನಿಟ್‌ನ ಪುಡಿ ಪಾಕೀಟು ಮೆಡಿಕಲ್ ಅಂಗಡ್ಯಾಗ ಸಿಗತೈತಿ, ತಗೊಂಡ್ರ ಏನಾತು?

ದಯವಿಟ್ಟು ನೀವ ನೀವ ತಗೋಬ್ಯಾಡ್ರಿ. ದೊಡ್ಡವರಿಗೆ ದಿನಕ್ಕ ಬೇಕಾಗಿರೋದು 600 ಯೂನಿಟ್, ವಯಸ್ಸಾದವರಿಗೆ 800. ಅರವತ್ತು ಸಾವಿರದ್ದು ಕಡಿಮಿ ಇದ್ದವರಿಗೆ ವಾರಕ್ಕೊಂದರಂಗ ಕೆಲವು ವಾರ ಕೊಡೋದು. ನಮ್ಮ ಸಂಬಂಧಿಕರೊಬ್ಬರು ವಾರಕ್ಕೊಂದು ಅನ್ನೋದನ್ನ ದಿನಕ್ಕೊಂದು ಅಂತ ತಿಳಕೊಂಡು ಎರಡು ತಿಂಗಳ ಮ್ಯಾಲ ತಗೊಂಡ್ರು, ವಾಂತಿ, ತಡೀಲಾರದ ಬಾಯಾರಿಕಿ, ಮಲಬದ್ಧತೆ, ಕಡೀಕ ರಕ್ತದಾಗ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬಿದ್ದು ಅಡ್ಮಿಟ್ ಮಾಡಬೇಕಾತು. ಚೀಟಿ ಮ್ಯಾಲ ಕನ್ನಡದಾಗ ವಾರಕ್ಕ ಒಂದು ಅಂತ ಬರಸ್ಕೊಂಡ ಬರ್ರಿ.

ಇದು ಸಸ್ಯಾಹಾರನಾ ಅಂತ ಮನ್ಯಾಗ ಹಿರೇರು ಕೇಳತಾರ. ಇದರಾಗಿನ ವಿಟಮಿನ್ ಡಿ, ಅಂದ್ರ ಡಿ3, ಬಾಳಷ್ಟು ಕುರಿ ಉಣ್ಣೆಯ ಜಿಡ್ಡಿನಿಂದ ಮಾಡತಾರ, ಕುರಿ ಕೊಯ್ಯಂಗಿಲ್ಲ. ಮೆತ್ತನ ಕ್ಯಾಪ್ಸೂಲಿನ ಹೊದಿಕಿ ಮಾತ್ರ ಸಾಮಾನ್ಯವಾಗಿ ಜೆಲಾಟಿನ್, ಅದು ಪ್ರಾಣಿ ಚರ್ಮ ಎಲುಬಿನಿಂದ ಬರತೈತಿ, ಅದು ಬ್ಯಾಡಂದ್ರ ಪುಡಿ ಇಲ್ಲಾ ಗುಳಗಿ ರೂಪದ್ದು ಕೇಳ್ರಿ.

ಕ್ಯಾಲ್ಸಿಯಂ ಗುಳಗಿ ಹೆಂಗ ತಗೋಬೇಕು?

ಊಟದಾಗ ಸಿಗದಷ್ಟನ್ನ ಮಾತ್ರ ಗುಳಗಿಯಿಂದ ತುಂಬ್ಕೋಬೇಕು, ಅದೂ ಒಮ್ಮೆಗೆ 500 ಮಿಲಿಗ್ರಾಂ ದಾಟಬಾರದು, ಅದಕ್ಕಿಂತ ಹೆಚ್ಚು ಒಮ್ಮೆಲೇ ಹತ್ತಂಗಿಲ್ಲ. ಕ್ಯಾಲ್ಸಿಯಂ ಕಾರ್ಬೊನೇಟ್ ಆದ್ರ ಊಟ ಆದ ಮ್ಯಾಲ, ಪಾಕೀಟಿನ ಮ್ಯಾಲ 1250 ಅಂತ ಇದ್ರ ಅದರಾಗ ಖರೆ ಕ್ಯಾಲ್ಸಿಯಂ 500 ಅಷ್ಟ. ಸಿಟ್ರೇಟ್ ಆದ್ರ ಖಾಲಿ ಹೊಟ್ಟ್ಯಾಗೂ ನಡೀತೈತಿ, ಆ್ಯಸಿಡಿಟಿ ಗುಳಗಿ ದಿನಾ ನುಂಗೋರಿಗೆ ಅದ ಚೊಲೋ. ಕಬ್ಬಿಣದ ಗುಳಗಿಗೂ ಇದಕ್ಕೂ ಎರಡು ತಾಸು ಅಂತರ ಇಡ್ರಿ, ಥೈರಾಯ್ಡ್ ಗುಳಗಿಗೆ ನಾಕು ತಾಸು. ನಮ್ಮವ್ವ ಮೂರನ್ನೂ ಮುಂಜಾನಿ ಚಹಾ ಜೊತಿ ಒಮ್ಮೆಲೇ ನುಂಗತಿದ್ಲು, ವರ್ಷಗಟ್ಲೆ, ಯಾರೂ ಹೇಳಿರಲಿಲ್ಲ.

ಕಿಡ್ನ್ಯಾಗ ಹರಳು ಆಗಿತ್ತು, ಹಾಲು ಬಿಡ್ರಿ ಅಂದಾರ. ಬಿಡಲ್ಯಾ?

ಊಟದ ಕ್ಯಾಲ್ಸಿಯಂ ಬಿಟ್ರ ಹರಳು ಕಡಿಮಿ ಆಗಂಗಿಲ್ಲ, ಉಲ್ಟಾ ಹೆಚ್ಚಾಗಬಹುದು, ಯಾಕಂದ್ರ ಊಟದಾಗಿನ ಕ್ಯಾಲ್ಸಿಯಂ ಆಕ್ಸಲೇಟ್‌ನ ಹೊಟ್ಟ್ಯಾಗೇ ಹಿಡದು ಹೊರಗ ಹಾಕತೈತಿ. ನಮ್ಮ ಕಡೆ ಬಿಸಿಲಿಗೆ ಬೆವರು ಹೋಗಿ ನೀರು ಸಾಲದ್ದಕ್ಕ ಹರಳು ಆಗೋದು ಹೆಚ್ಚು. ನೀರು ಕುಡೀರಿ, ಉಪ್ಪು ಕಡಿಮಿ ಮಾಡ್ರಿ. ಉಪ್ಪು ಹೆಚ್ಚು ತಿಂದಷ್ಟೂ ಮೂತ್ರದಾಗ ಕ್ಯಾಲ್ಸಿಯಂ ಹೋಗತೈತಿ, ಉಪ್ಪಿನಕಾಯಿ, ಹಪ್ಪಳ, ಕೆಂಪಿಂಡಿ ನಮ್ಮ ಊಟದಾಗ ಎಷ್ಟ ಇರತಾವ ಅಂತ ನಿಮಗ ಗೊತ್ತೈತಿ. ಕಿಡ್ನಿ ತೊಂದ್ರಿ ಇದ್ದೋರು ಡಾಕ್ಟರ್ ಹೇಳಿದಂಗ ಮಾಡ್ರಿ.

ಬೋರ್ ನೀರಾಗ ಸುಣ್ಣ ಭಾಳ, ಪಾತ್ರಿಗೆ ಬೆಳ್ಳಗ ಹತ್ತತೈತಿ, ಅದರಿಂದ ಕ್ಯಾಲ್ಸಿಯಂ ಸಿಗಂಗಿಲ್ಲೇನು?

ಗಡಸು ನೀರಾಗ ಒಂದಿಷ್ಟು ಸಿಗತೈತಿ. ಆದ್ರ ನನಗ ಚಿಂತಿ ಇರೋದು ಫ್ಲೋರೈಡ್‌ದು. ಬಾಗಲಕೋಟಿ, ವಿಜಯಪುರ ಜಿಲ್ಲಾದ ಎಷ್ಟೋ ಹಳ್ಳಿ ಬೋರ್ ನೀರಾಗ ಅದು ಜಾಸ್ತಿ ಐತಿ. ಲೀಟರ್‌ಗೆ 1 ಮಿಲಿಗ್ರಾಂ ಒಳಗ ಇರಬೇಕು, ಬ್ಯಾರೆ ನೀರ ಇಲ್ಲಂದ್ರ 1.5 ತನಕ. ವರ್ಷಗಟ್ಲೆ ಹೆಚ್ಚಿಂದು ಕುಡದ್ರ ಮಕ್ಕಳ ಹಲ್ಲಿನ ಮ್ಯಾಲ ಕಂದು ಕಲಿ ಬೀಳತಾವ, ದೊಡ್ಡವರಿಗೆ ಬೆನ್ನು ಕುತಗಿ ಸೆಟದು ಬಗ್ಗಾಕ ಆಗಂಗಿಲ್ಲ. ಕ್ಯಾಲ್ಸಿಯಂ ಕಡಿಮಿ ಉಣ್ಣೋರಿಗೆ ಇದು ಇನ್ನೂ ಜೋರ ಹತ್ತತೈತಿ. ಕುದಿಸಿದ್ರ ಹೋಗಂಗಿಲ್ಲ, ನೀರು ಆವಿ ಆಗಿ ಉಳದದ್ದರಾಗ ಇನ್ನೂ ಗಟ್ಟಿ ಆಗತೈತಿ. ಊರಾಗ ಶುದ್ಧ ನೀರಿನ ಘಟಕ ಇದ್ರ ಕುಡಿಯಾಕ, ಅಡಗಿಗೆ ಎರಡಕ್ಕೂ ಅಲ್ಲಿಂದ ಕ್ಯಾನ್ ತುಂಬ್ರಿ. ನೀರು ಟೆಸ್ಟ್ ಮಾಡಿಸಾಕ ಪಂಚಾಯ್ತಿಗೆ ಅರ್ಜಿ ಕೊಡ್ರಿ, ಕೊಟ್ಟು ಬೆನ್ನುಹತ್ರಿ.

ಎಲಿ ಅಡಿಕಿ ಜೊತಿ ಸುಣ್ಣ ತಿಂತೀವಲ್ಲ?

ಸುಣ್ಣದಾಗ ಕ್ಯಾಲ್ಸಿಯಂ ಐತಿ, ಆದ್ರ ಅಡಿಕಿಯಿಂದ ಬಾಯಿ ಕ್ಯಾನ್ಸರ್ ಬರತೈತಿ, ತಂಬಾಕ ಇರದಿದ್ರೂ ಬರತೈತಿ. ಇದಕ್ಕಂತ ಶುರು ಮಾಡಬ್ಯಾಡ್ರಿ, ತಿನ್ನೋರು ಬಿಡ್ರಿ.

ಗರ್ಭಚೀಲ ತೆಗಿಸೀನಿ, ವಯಸ್ಸು ಬರೇ 38. ನನಗೂ ಇದು ಬೇಕೇನು?

ನಿಮಗ ಎಲ್ಲಾರಿಗಿಂತ ಹೆಚ್ಚು ಬೇಕು. ಆಪರೇಷನ್‌ದಾಗ ಅಂಡಾಶಯನೂ ತೆಗದಾರೋ ಇಲ್ಲೋ ಅಂತ ಕಾಗದ ನೋಡ್ರಿ, ಗೊತ್ತ ಆಗಲಿಲ್ಲಂದ್ರ ಡಾಕ್ಟರ್‌ಗೆ ತೋರಿಸಿ ಓದಿಸ್ರಿ. ಅದೂ ಹೋಗಿದ್ರ ಎಲುಬು ಕಾಯೋ ಈಸ್ಟ್ರೋಜೆನ್ ಅನ್ನೋ ಹಾರ್ಮೋನ್ ಒಮ್ಮೆಲೇ ನಿಂತಿರತೈತಿ, ಎಲುಬು ಕರಗೋದು ಅವತ್ತಿಂದ ಶುರು. ಅಂಡಾಶಯ ಉಳಿಸಿದ್ರೂ ಕೆಲವರಿಗೆ ಜಲ್ದಿ ನಿಲ್ಲತೈತಿ. ನಮ್ಮ ಹಳ್ಳ್ಯಾಗ ಸಣ್ಣ ವಯಸ್ಸಿನ್ಯಾಗ ಎಷ್ಟೋ ಹೆಣ್ಣಮಕ್ಕಳಿಗೆ ಈ ಆಪರೇಷನ್ ಆಗಿರತೈತಿ, ಎಲುಬಿನ ಮಾತು ಮಾತ್ರ ಯಾರೂ ತೆಗೆಯಂಗಿಲ್ಲ. ನಮ್ಮವ್ವಗೂ 41 ಕ್ಕ ಆಗಿತ್ತು. ಡೆಕ್ಸಾ ಯಾವಾಗ ಮಾಡಿಸಬೇಕು ಅಂತ ಕೇಳ್ರಿ, ಊಟ ಇವತ್ತಿಂದ ಸರಿ ಮಾಡ್ರಿ.

ರಕ್ತದಾಗ ಕ್ಯಾಲ್ಸಿಯಂ ನಾರ್ಮಲ್ ಬಂದೈತಿ, ಹಂಗಂದ್ರ ಎಲುಬು ಗಟ್ಟಿ ಅಂತಲ್ಲ?

ಅಲ್ಲ. ಮೈಯಾಗಿನ ಕ್ಯಾಲ್ಸಿಯಂ ನೂರಕ್ಕ 99 ಎಲುಬು ಹಲ್ಲಿನ್ಯಾಗ ಇರತೈತಿ, ಊಟದಾಗ ಕಡಿಮಿ ಬಿದ್ರ ಮೈ ಎಲುಬಿನಿಂದ ತಗದು ರಕ್ತಕ್ಕ ಕೊಡತೈತಿ, ರಿಪೋರ್ಟ್ ನಾರ್ಮಲ್ ಇರತೈತಿ, ಎಲುಬು ಸವೀತಿರತೈತಿ. ಹಂಗ ಮೊಣಕಾಲು ನೋವು ಬಾಳಷ್ಟು ಸಂದಿ ಸವೆತ, ಅದು ಬ್ಯಾರೆ ರೋಗ. ತೊಡಿ, ಸೊಂಟ, ಪಕ್ಕೆ ಎಲುಬು ಒತ್ತಿದ್ರ ನೋವು, ನೆಲದ ಮ್ಯಾಲಿಂದ ಏಳಾಕ ಆಗಂಗಿಲ್ಲ ಅಂದ್ರ ವಿಟಮಿನ್ ಡಿ ಚೆಕ್ ಮಾಡಿಸ್ರಿ.

ಬಾಣಂತಿಗೆ ಅಂಟಿನುಂಡಿ ಸಾಕೇನು?

ಅಂಟಿನುಂಡಿದಾಗ ಗಸಗಸಿ, ಉತ್ತತ್ತಿ, ಕೊಬ್ರಿ, ಬದಾಮಿ ಇರತಾವ, ಶಕ್ತಿಗೆ ಚೊಲೋ, ಗೋಕಾಕ, ಅಮೀನಗಡದ ಕರದಂಟನೂ ಹಂಗ. ಆದ್ರ ಒಂದ್ ಉಂಡ್ಯಾಗ 1200 ಬರಂಗಿಲ್ಲ, ಬೆಲ್ಲ ತುಪ್ಪನ ಹೆಚ್ಚು. ಬಾಣಂತಿಗೆ ಮೊಸರು ಥಂಡಿ, ತಪ್ಪಲ ಬ್ಯಾಡ, ಕಾಳು ವಾಯು ಅಂತ ಎಲ್ಲಾ ಬಿಡಸತಾರ, ಅದು ನನಗ ಸರಿ ಅನ್ನಸಂಗಿಲ್ಲ. ಹಾಲರ ಎರಡು ಹೊತ್ತು ಕೊಡ್ರಿ, ಎಳ್ಳು ಹಾಕಿ ಉಂಡಿ ಕಟ್ರಿ.

ಮಕ್ಕಳಿಗೆ?

ಎಲುಬು ತುಂಬ್ಕೊಳ್ಳೋದು ಮೂವತ್ತರ ಒಳಗ, ಅದರಾಗೂ ಹರೇದ ವಯಸ್ಸಿನ್ಯಾಗ ಭಾಳ. ಸಾಲ್ಯಾಗ 2013 ರಿಂದ ಕ್ಷೀರಭಾಗ್ಯದಾಗ 150 ಎಂಎಲ್ ಹಾಲು ಕೊಡತಾರ, ಚೆಲ್ಲಿ ಬರಬ್ಯಾಡ ಅಂತ ಹೇಳ್ರಿ. ಮೈನೆರೆದ ಹುಡುಗಿಗೆ ಅಣ್ಣನಷ್ಟ ಹಾಲು ಕೊಡ್ರಿ.

ಪ್ರೊಟೀನ್ ಬಗ್ಗೆ ಯಾರೂ ಹೇಳಂಗಿಲ್ಲಲ್ಲ?

ಎಲುಬಿನ ಚೌಕಟ್ಟು ಪ್ರೊಟೀನ್‌ದು, ಕ್ಯಾಲ್ಸಿಯಂ ಅದರ ಮ್ಯಾಲ ಕೂಡತೈತಿ. ಮೈ ತೂಕ 55 ಕೆಜಿ ಇದ್ರ ದಿನಕ್ಕ ಸುಮಾರು 55 ಗ್ರಾಂ ಅಂತ ಇಟ್ಕೋರಿ. ಎರಡೂ ಹೊತ್ತು ಕಾಳು ಇಲ್ಲಾ ಬ್ಯಾಳಿ, ಜೊತಿಗೆ ಮೊಸರು. ನೀರಿನಂಗ ಇರೋ ಕಟ್ಟಿನ ಸಾರು ಬ್ಯಾಳಿ ಅಲ್ಲ.

ಊಟ ಸರಿ ಮಾಡಿದ್ರ ಸಾಕೋ, ವ್ಯಾಯಾಮನೂ ಬೇಕೋ?

ಬೇಕು, ಎಲುಬಿನ ಮ್ಯಾಲ ಭಾರ ಬಿದ್ರ ಅದು ಗಟ್ಟಿ ಆಗತೈತಿ. ನಡಿಯೋದು, ಮೆಟ್ಟಲ ಹತ್ತೋದು, ಒಂದೆರಡು ಕೆಜಿ ಎತ್ತೋದು. ಈಗಾಗಲೇ ಎಲುಬು ಟೊಳ್ಳಾದವರು ಬಗ್ಗಿ ಭಾರದ ಕೊಡ ಎತ್ತಬ್ಯಾಡ್ರಿ, ಬೆನ್ನೆಲುಬು ಕುಸೀತೈತಿ. ಮತ್ತ ಮನ್ಯಾಗ ಬೀಳದಂಗ ನೋಡ್ಕೊಳ್ಳೋದು. ನಾವು ಬಚ್ಚಲದ ನುಣ್ಣನ ಕಡಪಾ ಕಲ್ಲಿನ ಮ್ಯಾಲ ರಬ್ಬರ್ ಮ್ಯಾಟ್ ಹಾಸೀವಿ, ಗ್ವಾಡಿಗೆ ಹಿಡಕೊಳ್ಳಾಕ ಕಬ್ಬಿಣದ ಸರಳು ಬಡಿಸೀವಿ, ರಾತ್ರಿ ಸಣ್ಣ ಲೈಟ್ ಹತ್ತಿರತೈತಿ. ಸರಳು ಬಡಿಸೋ ಮುಂಚೆ ಹಿರೇರನ್ನ ನಿಲ್ಲಿಸಿ ಅವರ ಕೈ ಎಲ್ಲಿಗೆ ಬರತೈತಿ ಅಂತ ಚಾಕ್‌ಪೀಸಿನಿಂದ ಗುರುತು ಮಾಡ್ಕೋರಿ, ನಾವು ಮದ್ಲ ನನ್ನ ಅಳತಿಗೆ ಬಡಿಸಿ ಅವ್ವಗ ಎಟುಕಲಾರದ ಮತ್ತ ಕಿತ್ತು ಕೆಳಗ ಬಡಿಸಬೇಕಾತು.